ನಲವತ್ತಕ್ಕೆ ಒಂದು ಗೇಣು ಕಮ್ಮಿ

ಶೇಷಮ್ಮನ ಬಗ್ಗೆ ಬರೆಯಲು ನನಗಿಂತ ಅಯೋಗ್ಯ ಊರಿನಲ್ಲಿ ಇನ್ನೊಬ್ಬನಿಲ್ಲ. ಆಕೆಯ ಕೆಲಸ ಕಳೆದವನೇ ನಾನು. ಆದರೆ ನಾನು ಬರೆಯದಿದ್ದರೆ ಬೇರೆ ಯಾರೂ ಬರೆಯುವುದಿಲ್ಲ. ಒಬ್ಬ ನೀರುಗಂಟಿಯ ಹೆಂಡತಿ ಬದುಕಿದ್ದು ಹೇಗೆ ಎಂದು ಕೂತು ಬರೆಯುವಷ್ಟು ಪುರುಸೊತ್ತು ನಮ್ಮ ಕಡೆ ಯಾರಿಗಿದೆ?

ಮೊದಲು ನನ್ನ ವಿಷಯ ಹೇಳಿ ಮುಗಿಸುತ್ತೇನೆ. ಹೆಸರು ಚನ್ನೇಶ. ಶಿಕಾರಿಪುರದಲ್ಲಿ ಗೊಬ್ಬರ, ಬೀಜದ ಅಂಗಡಿ. ಹುಟ್ಟಿದ್ದು ಸೊರಬ ತಾಲ್ಲೂಕಿನ ಹೊಳೆಗದ್ದೆಯಲ್ಲಿ. ಕುಪ್ಪಗಡ್ಡೆಯಲ್ಲಿ ಬಸ್ಸಿಳಿದು ಎರಡು ಮೈಲಿ ನಡೆಯಬೇಕು. ಅಪ್ಪ ವೀರಬಸಪ್ಪ ಅಲ್ಲೇ ಇದ್ದು ಗದ್ದೆ ನೋಡಿಕೊಳ್ಳುತ್ತಿದ್ದರು, ನಾನು ವಾರಕ್ಕೊಮ್ಮೆ ಹೋಗಿ ಬರುತ್ತಿದ್ದೆ. ನಾನು ಅನುಮಾನದ ಮನುಷ್ಯ. ಮೊಹರು ಹಾಕಿದ ಬೀಜದ ಚೀಲ ಬಂದರೂ ಬಿಚ್ಚಿ, ಅಂಗೈಗೆ ಸುರಿದು, ಊದಿ ನೋಡದೆ ಒಳಗಿಡುವವನಲ್ಲ. ಮನೆಯಲ್ಲಿ ಹಾಲಿಗೆ ನೀರು ಬೆರೆತಿದೆಯೇ ಎಂದು ಉಗುರಿನ ಮೇಲೆ ಹನಿ ಬಿಟ್ಟು ನೋಡುತ್ತೇನೆ, ಹೆಂಡತಿ ಗಂಗಾಶ್ರೀ ನಗುತ್ತಾಳೆ. ಈ ಗುಣ ವ್ಯಾಪಾರದಲ್ಲಿ ನನ್ನನ್ನು ಎಷ್ಟೋ ಸಲ ಕಾಪಾಡಿದೆ. ಹಾಗಾಗಿ ಇದನ್ನು ಬುದ್ಧಿವಂತಿಕೆ ಎಂದೇ ನಂಬಿಕೊಂಡಿದ್ದೆ.

ನಮ್ಮೂರ ಹೊಳೆಯ ನಡುವೆ, ದಡಕ್ಕೆ ಸಮಾನಾಂತರವಾಗಿ, ಉದ್ದಕ್ಕೆ ಮಲಗಿದ ಒಂದು ಮರಳ ದಿಬ್ಬವಿದೆ. ದಿಬ್ಬದ ಆಚೆ ಹೊಳೆ, ಈಚೆ ನಮ್ಮ ದಡದ ಕಡೆಗೆ ಒಂದು ಕವಲು. ಈ ಕವಲಿನಿಂದಲೇ ನಮ್ಮ ಕಾಲುವೆ ಹೊರಡುತ್ತದೆ. ದಿಬ್ಬದಲ್ಲಿ ಒಂದು ಕಡೆ ಮರಳು ಬಿರಿದು ದಾರಿಯಾಗಿದೆ. ಹೊಳೆಯ ನೀರು ಕವಲಿಗೆ ಬರುವುದು ಅಲ್ಲಿಂದ ಮಾತ್ರ. ಅದನ್ನು ಬಾಯಿ ಅನ್ನುತ್ತೇವೆ. ಮಳೆಗಾಲದಲ್ಲಿ ಬಾಯಿಯೊಳಗೆ ಮರಳು ತುಂಬಿಕೊಳ್ಳುತ್ತದೆ. ದೀಪಾವಳಿ ಕಳೆದ ಮೊದಲ ಸೋಮವಾರ ಊರೆಲ್ಲ ಸೇರಿ ಮರಳು ತೆಗೆದು ಬಾಯಿ ಬಿಡಿಸಿದರೆ ಬೇಸಿಗೆ ಭತ್ತಕ್ಕೆ ನೀರು. ಬಿಡಿಸದಿದ್ದರೆ ಇಲ್ಲ.

ಮೊದಲ ನೀರು ಯಾರಿಗೆ ಎನ್ನುವುದಕ್ಕೆ ಅಜ್ಜಂದಿರು ಮಾಡಿಟ್ಟ ಕಟ್ಟಳೆ ಇತ್ತು. ದಡದಲ್ಲಿ ಒಂದು ವೀರಗಲ್ಲಿದೆ. ಅಲ್ಲಿಂದ ಹೊಳೆ ಹರಿಯುವ ದಿಕ್ಕಿಗೆ ಬಾಯಿಯ ನೇರದವರೆಗೆ ಹಗ್ಗ ಹಿಡಿದು ಅಳೆಯಬೇಕು. ಅಳತೆ ಮಾರಿನಲ್ಲಿ, ಅಂದರೆ ಎರಡೂ ಕೈ ಚಾಚಿದಷ್ಟು. ನಲವತ್ತು ಮಾರಿನೊಳಗೆ ಬಾಯಿ ಇದ್ದರೆ ಮರಳು ತೆಗೆಯುವ ಹೆಚ್ಚಿನ ಕೆಲಸ ಮೇಲಿನ ಗದ್ದೆಯವರದು, ಮೊದಲ ಹತ್ತು ದಿನದ ನೀರೂ ಅವರದೇ. ನಲವತ್ತು ದಾಟಿದರೆ ಎರಡೂ ಕೆಳಗಿನ ಗದ್ದೆಯವರಿಗೆ. ನಾವು ಮೇಲಿನ ಗದ್ದೆಯವರು. ಅಳೆಯುವವನು ಕಾಲುವೆಯ ನೀರು ಹಂಚುವ ನೀರುಗಂಟಿ ಒಬ್ಬನೇ, ಅವನ ಕೈಯೇ ಊರಿನ ಅಳತೆ. ಆ ದಿನ ಬೇರೆಯವರು ಹಗ್ಗ ಮುಟ್ಟಿದರೆ ನೀರು ಮುನಿಯುತ್ತದೆ ಎಂದು ನಂಬಿಕೆ. ಅಳತೆ ಮುಗಿದ ಮೇಲೆ ನೀರುಗಂಟಿ ಬಾಯಿಯ ಮೇಲಂಚಿಗೆ, ಅಂದರೆ ಹೊಳೆ ಹರಿದು ಬರುವ ಕಡೆಯ ಅಂಚಿಗೆ, ಒಂದು ಮತ್ತಿ ಮರದ ಗೂಟ ಬಡಿಯುತ್ತಾನೆ. ಗೂಟದ ತಲೆ ಸೀಳಿ, ಆ ವರ್ಷ ಬಂದ ಹೊಸ ನಾಣ್ಯ ಸಿಕ್ಕಿಸಿ, ತಾಮ್ರದ ತಂತಿ ಸುತ್ತಿ, ಮೇಲೆ ಗೇರೆಣ್ಣೆ ಬಳಿದಿರುತ್ತಾನೆ. ಆಮೇಲೆ ವೀರಗಲ್ಲಿನ ಮುಂದೆ, ತೀರಿಹೋದ ನೀರುಗಂಟಿಗಳ ಹೆಸರು ಒಂದೊಂದಾಗಿ ಹೇಳಿ ಕಾಯಿ ಒಡೆಯುವುದು.

ಶೇಷಮ್ಮನ ಗಂಡ ಹುಲಿಯಪ್ಪ ಇಪ್ಪತ್ತೊಂದು ವರ್ಷ ನೀರುಗಂಟಿಯಾಗಿದ್ದ. ಆರಡಿಯ ಆಳು, ಕೈ ಚಾಚಿ ನಿಂತರೆ ಬಾಗಿಲು ಮುಚ್ಚಿದ ಹಾಗೆ ಕಾಣುತ್ತಿತ್ತು. ಹಗ್ಗವನ್ನು ಎದೆಯ ಮೇಲೆ ಎಳೆದೆಳೆದು ಬಿಡುತ್ತ ಬಾಯಿಯ ತನಕ ಹೋಗಿ, ಅಲ್ಲಿಂದ ಒಂದೇ ಸಲ ಕೂಗುತ್ತಿದ್ದ: "ನಲವತ್ತಕ್ಕೆ ಒಂದು ಗೇಣು ಕಮ್ಮಿ!" ಪ್ರತಿ ವರ್ಷವೂ ಅದೇ. ನಾನು ಚಿಕ್ಕವನಾಗಿದ್ದಾಗ ಅದು ಹಬ್ಬದ ಮಂತ್ರವೇ ಇರಬೇಕು ಅಂದುಕೊಂಡಿದ್ದೆ. ಕೆಳಗಿನವರು ನಿಟ್ಟುಸಿರು ಬಿಡುತ್ತಿದ್ದರು, ಜಗಳವಾಡುತ್ತಿರಲಿಲ್ಲ. ಒಂದು ಗೇಣಿಗಾಗಿ ಯಾರು ಜಗಳವಾಡುತ್ತಾರೆ? ಅದರಲ್ಲೂ ಹುಲಿಯಪ್ಪನಂಥ ದೇವರಂಥ ಮನುಷ್ಯನ ಹತ್ತಿರ?

ಶೇಷಮ್ಮ ಉಳವಿಯ ಕಡೆಯವಳು. ಮದುವೆಯಾಗಿ ಬಂದ ವರ್ಷವೇ ಗಂಡನ ಹಿಂದೆ ಗೂಟ ಹೊತ್ತು ಹೊಳೆಗಿಳಿದವಳು. ಗಿಡ್ಡ ಹೆಂಗಸು, ಸೀರೆಯನ್ನು ಮೊಣಕಾಲಿನ ತನಕ ಎತ್ತಿ ಕಟ್ಟಿ, ಕೈಯಲ್ಲಿ ಗುದ್ದಲಿ ಹಿಡಿದು, ಯಾವಾಗಲೂ ನೆಲ ನೋಡಿಕೊಂಡೇ ನಡೆಯುತ್ತಿದ್ದಳು. ಮಾತು ಕಡಿಮೆ. ಮಳೆ ಬಿಟ್ಟ ದಿನ ಬೆಳಗ್ಗೆ ಮೊದಲು ದಿಬ್ಬಕ್ಕೆ ಹೋಗಿ ಬರಿಗಾಲಿನಲ್ಲಿ ಅದರ ಉದ್ದಕ್ಕೂ ಓಡಾಡುವಳು. ಎಲ್ಲಿ ಮರಳು ಹೊಸದು, ಎಲ್ಲಿ ಹಳೆಯದು ಎಂದು ಅಂಗಾಲಿಗೇ ಗೊತ್ತಾಗುತ್ತದೆ ಎನ್ನುತ್ತಿದ್ದಳಂತೆ. ಒಬ್ಬಳೇ ಮಗಳು ನಯನಳನ್ನು ಚಂದ್ರಗುತ್ತಿಯ ಕಡೆ ಕೊಟ್ಟಿತ್ತು. ಗಂಡ ಹೆಂಡತಿ ಇಬ್ಬರೂ ನಮ್ಮ ಹಿತ್ತಿಲ ಮೂಲೆಯ ಜಾಗದಲ್ಲಿ ಹುಲ್ಲಿನ ಗುಡಿಸಲು ಕಟ್ಟಿಕೊಂಡಿದ್ದರು. ಆ ಜಾಗ ಅಪ್ಪ ಕೊಟ್ಟಿದ್ದು ಎಂದು ಗೊತ್ತಿತ್ತು, ಯಾಕೆ ಕೊಟ್ಟರು ಎಂದು ನಾನು ಯಾವತ್ತೂ ಕೇಳಿರಲಿಲ್ಲ. ಜಗತ್ತಿನ ಮೇಲೆಲ್ಲ ಅನುಮಾನಪಟ್ಟವನು ಮನೆಯೊಳಗೆ ಮಾತ್ರ ಕಣ್ಣು ಮುಚ್ಚಿಕೊಂಡಿದ್ದೆ.

ತೊಂಬತ್ತೊಂದರ ಬೇಸಿಗೆಯಲ್ಲಿ ಹುಲಿಯಪ್ಪ ಕಾಮಾಲೆಯಾಗಿ ತೀರಿಕೊಂಡ. ಗಂಡು ಮಕ್ಕಳಿಲ್ಲ. ಬೇರೆಯವರನ್ನು ಹುಡುಕುವ ತನಕ ಶೇಷಮ್ಮನೇ ನೋಡಿಕೊಳ್ಳಲಿ ಎಂದು ಊರಿನವರು ಒಪ್ಪಿದರು. ಆ ಕೆಲಸ ಬಿಟ್ಟರೆ ಆಕೆಗೆ ಬೇರೆ ಆಧಾರವಿರಲಿಲ್ಲ. ಸುಗ್ಗಿಯಲ್ಲಿ ಎಲ್ಲರ ಕಣದಿಂದ ನೀರುಗಂಟಿಗೆ ಬರುವ ಭತ್ತವೇ ಆಕೆಯ ವರ್ಷದ ಊಟ.

ಆ ದೀಪಾವಳಿ ಕಳೆದ ಸೋಮವಾರ ಆಕೆ ಮೊದಲ ಸಲ ತಾನೇ ಅಳೆದಳು. ಬಾಯಿಯ ತನಕ ಹೋಗಿ ನಿಂತು ಕೂಗಿದ್ದು ಐವತ್ನಾಲ್ಕು. ದಡದ ಮೇಲೆ ನಗೆಯೋ ನಗೆ. ಎಲ್ಲರಿಗಿಂತ ಮೊದಲು ನಗಲು ಶುರುಮಾಡಿದವನು ನಾನು. ಹೆಂಗಸಿನ ಗಿಡ್ಡ ಕೈಯಲ್ಲಿ ಅಳೆದರೆ ಇನ್ನೇನಾಗುತ್ತದೆ ಎಂದೆ. ಶೇಷಮ್ಮ ಹಗ್ಗ ಸುತ್ತಿಕೊಂಡು ನಿಧಾನವಾಗಿ ವೀರಗಲ್ಲಿನ ಹತ್ತಿರ, ಅಪ್ಪನ ಎದುರಿಗೆ ಬಂದಳು.

"ನಮ್ಮೋರ ಮಾರು ನಂದಕ್ಕಿಂತ ಒಂದು ಗೇಣು ಉದ್ದ ಗೌಡ್ರೆ. ಅದನ್ನ ಲೆಕ್ಕಕ್ಕೆ ತಗಂಡ್ರೂ ನಲವತ್ತೇಳು ಆಗ್ತದೆ," ಎಂದಳು.

ನಗು ನಿಂತಿತು. ಅಂಗಡಿಯ ಲೆಕ್ಕ ಮಾಡಿ ಪಳಗಿದ ನನ್ನ ತಲೆಯೂ ಅಲ್ಲೇ ಗುಣಿಸಿ ಭಾಗಿಸಿ ನೋಡಿತು: ಹುಲಿಯಪ್ಪನ ಮಾರು ಎಂಟು ಗೇಣು, ಆಕೆಯದು ಏಳು. ಆಕೆ ಹೇಳಿದ್ದು ಸರಿಯಾಗಿತ್ತು. ಹಿಂದಿನ ವರ್ಷ ನಲವತ್ತಕ್ಕೆ ಒಂದು ಗೇಣು ಕಮ್ಮಿ ಇದ್ದ ಬಾಯಿ ಒಂದೇ ಮಳೆಗಾಲದಲ್ಲಿ ಏಳು ಮಾರು ಕೆಳಗೆ ಹೋಗಿತ್ತು. ಕೆಳಗಿನ ಗದ್ದೆಯ ಕರಿಯಣ್ಣ ಪಂಚೆ ಎತ್ತಿ ಕಟ್ಟಿ ಮುಂದೆ ಬಂದ. ಕಟ್ಟಳೆ ಕಟ್ಟಳೆಯೇ, ಈ ಸಲ ಮರಳು ತೆಗೆಯುವುದೂ ಮೊದಲ ನೀರೂ ತಮ್ಮದೇ ಎಂದ. ಅಪ್ಪನ ಮುಖ ಇದ್ದಿಲಾಯಿತು. ಆ ವರ್ಷ ನಮ್ಮ ಸಸಿಮಡಿ ಹತ್ತು ದಿನ ನೀರಿಗೆ ಕಾದು ಅರ್ಧಕ್ಕರ್ಧ ಕೆಂಪಾಯಿತು.

ನನಗೆ ತಡೆಯಲಾಗಲಿಲ್ಲ. ಇಪ್ಪತ್ತೊಂದು ವರ್ಷ ಕದಲದ ಬಾಯಿ ಗಂಡ ಸತ್ತ ವರ್ಷವೇ ಯಾಕೆ ಕದಲಬೇಕು? ಯಾರೋ ಕದಲಿಸಿದ್ದಾರೆ ಎನ್ನುವುದರಲ್ಲಿ ನನಗೆ ಸಂಶಯವೇ ಉಳಿಯಲಿಲ್ಲ. ದಿಬ್ಬಕ್ಕೆ ದಿನಾ ಹೋಗುವವರು ಯಾರು? ಗುದ್ದಲಿ ಹಿಡಿದು ಓಡಾಡುವವರು ಯಾರು? ಇಷ್ಟು ಸಾಲದು ಎಂಬಂತೆ ಇನ್ನೊಂದು ನನ್ನ ಕಣ್ಣಿಗೆ ಬಿತ್ತು. ಶೇಷಮ್ಮನ ಗುಡಿಸಲಿನ ಹುಲ್ಲು ಹೋಗಿ ಮಂಗಳೂರು ಹೆಂಚು ಬಂದಿತ್ತು. ಗಂಡ ಸತ್ತು ವರ್ಷವೂ ಆಗಿಲ್ಲ, ಹೆಂಚು ಎಲ್ಲಿಂದ ಬಂತು? ಕೆಳಗಿನ ಗದ್ದೆಯವರು ಕೊಟ್ಟರು ಎಂದು ತೀರ್ಮಾನಿಸಿದೆ. ಆ ತೀರ್ಮಾನಕ್ಕೆ ಒಂದು ಸಾಕ್ಷಿಯೂ ಇರಲಿಲ್ಲ. ಇದ್ದಿದ್ದರೆ ಅಷ್ಟು ಗಟ್ಟಿಯಾಗಿ ನಂಬುತ್ತಿರಲಿಲ್ಲವೇನೋ.

ಮುಂದಿನ ವರ್ಷವೂ ಆಕೆಯ ಲೆಕ್ಕ ನಲವತ್ತೇಳರ ಮೇಲೆ ನಾಲ್ಕು ಗೇಣು. ಅಷ್ಟು ಹೊತ್ತಿಗೆ ನಾನು ಆಕೆಯ ಬೆನ್ನು ಬಿದ್ದಿದ್ದೆ. ಊರಿಗೆ ಹೋದಾಗಲೆಲ್ಲ ಹಲ್ಲುಜ್ಜುವ ನೆಪದಲ್ಲಿ ಹೊಳೆಯ ದಂಡೆಗೆ ಹೋಗಿ ನಿಲ್ಲುತ್ತಿದ್ದೆ. ಒಮ್ಮೆ ಆಕೆಯೇ ನನ್ನನ್ನು ಕಂಡು, ಸುಮ್ಮನೆ ಅಲ್ಲೇಕೆ ನಿಂತಿದ್ದೀರಿ, ಬನ್ನಿ ಎಂದು ದಿಬ್ಬಕ್ಕೆ ಕರೆದಳು. ನನ್ನನ್ನು ಬಾಯಿಯ ಮೇಲಂಚಿಗೆ ನಿಲ್ಲಿಸಿ, ನೀರಿನೊಳಗೆ ಮರಳಿನ ಕಾಳು ಉರುಳಿ ಬಂದು ಅಲ್ಲೇ ತಂಗುವುದನ್ನು ತೋರಿಸಿದಳು. ಎದುರಿನ ಕೆಳಗಂಚಿನಲ್ಲಿ ನೀರು ಮರಳನ್ನು ಕೊರೆಯುತ್ತಿತ್ತು. ನೋಡುತ್ತಿದ್ದ ಹಾಗೆಯೇ ಒಂದು ಹೆಂಟೆ ಕಳಚಿ ಬಿತ್ತು. ಮೇಲಿನ ತುಟಿ ಬೆಳೆಯುತ್ತದೆ, ಕೆಳಗಿನ ತುಟಿ ಸವೆಯುತ್ತದೆ, ಅದಕ್ಕೇ ಬಾಯಿ ಕೆಳಗೆ ಕೆಳಗೆ ನಡೆಯುತ್ತದೆ ಎಂದಳು. ಬಹಳ ಕೆಳಗೆ ಹೋದಾಗ ಅದಕ್ಕೆ ನೀರೆಳೆಯುವ ಕಸುವು ಇರುವುದಿಲ್ಲ. ದೊಡ್ಡ ಗಾಳಿ ಮಳೆ ಬಂದ ವರ್ಷ ಹೊಳೆ ಸಿಟ್ಟಾಗಿ ಮೇಲೆಲ್ಲೋ ದಿಬ್ಬ ಒಡೆದು ಹೊಸ ಬಾಯಿ ಮಾಡಿಕೊಂಡು ಹಳೆಯದನ್ನು ಮುಚ್ಚಿಬಿಡುತ್ತದೆ. ಹೊಸ ಬಾಯಿ ಮೊದಲು ಬೇಗ ಬೇಗ ನಡೆಯುತ್ತದೆ, ವಯಸ್ಸಾದ ಮೇಲೆ ನಿಧಾನ.

ಎಲ್ಲ ಕೇಳಿ, ಹಾಗಾದರೆ ಇಪ್ಪತ್ತೊಂದು ವರ್ಷ ಅದು ಯಾಕೆ ನಡೆಯಲಿಲ್ಲ ಎಂದು ಕೇಳಿದೆ. ಆಕೆ ಗುದ್ದಲಿ ಹೆಗಲಿಗೇರಿಸಿ ಹೊರಟುಬಿಟ್ಟಳು. ಸಿಕ್ಕಿಬಿದ್ದಳು ಎಂದು ನನಗೆ ಒಳಗೊಳಗೇ ಹಿಗ್ಗಾಯಿತು.

ತೊಂಬತ್ತಮೂರರ ಪುಷ್ಯ ಮಳೆಯಲ್ಲಿ ಆಕೆ ಹೇಳಿದ್ದು ನಡೆಯಿತು. ಮೂರು ದಿನ ಗಾಳಿ, ಆಮೇಲೆ ಆರು ದಿನ ಬಿಡದೆ ಮಳೆ. ಹೊಳೆ ವೀರಗಲ್ಲಿನ ಸೊಂಟದ ತನಕ ಬಂದಿತ್ತಂತೆ. ನೀರು ಇಳಿದಾಗ ಹಳೆಯ ಬಾಯಿ ಇದ್ದಲ್ಲಿ ಹೊಸ ಮರಳು ಎದೆಯೆತ್ತರಕ್ಕೆ ಬಿದ್ದಿತ್ತು. ಅದಕ್ಕೂ ಹತ್ತು ಮಾರು ಮೇಲೆ ದಿಬ್ಬ ಒಡೆದು ಹೊಸ ಬಾಯಿಯಾಗಿತ್ತು. ನಡುವಿನ ದಿಬ್ಬದ ಮೇಲ್ಮೈಯನ್ನು ಪ್ರವಾಹ ಕೆರೆದುಕೊಂಡು ಹೋಗಿತ್ತು.

ನವರಾತ್ರಿಗೆ ಊರಿಗೆ ಹೋದಾಗ ಎಂದಿನಂತೆ ದಂಡೆಗೆ ಹೋದೆ. ಬೆಳಗಿನ ಬಿಸಿಲು ಬಿದ್ದಿತ್ತು. ಕೆರೆದು ಹೋದ ಮರಳಿನಿಂದ ಒಂದು ಸಾಲು ಕಪ್ಪು ಗೂಟಗಳು ತಲೆ ಹಾಕಿದ್ದವು. ಎರಡೆರಡು ಅಡಿಗೆ ಒಂದರಂತೆ, ಬೇಲಿಯ ಹಾಗೆ. ಶೇಷಮ್ಮ ಸಾಲಿನ ಒಂದು ತುದಿಯಿಂದ ಅವನ್ನು ಕೀಳುತ್ತಿದ್ದಳು. ಅಲ್ಲಾಡಿಸಿ, ಎಳೆದು, ಕಿತ್ತು ಗೋಣಿಚೀಲಕ್ಕೆ ಹಾಕುತ್ತಿದ್ದಳು. ಅಷ್ಟು ಆತುರವಾಗಿ ಆಕೆ ಕೆಲಸ ಮಾಡುವುದನ್ನು ನಾನು ಯಾವತ್ತೂ ಕಂಡಿರಲಿಲ್ಲ.

ಎರಡು ವರ್ಷದಿಂದ ಹುಡುಕುತ್ತಿದ್ದ ಕಳ್ಳತನ ಕಣ್ಣೆದುರೇ ಇತ್ತು. ಮರಳಿಗೆ ಅಡ್ಡ ಗೂಟ ಬಡಿದರೆ ಅಲ್ಲಿ ಮರಳು ನಿಲ್ಲುತ್ತದೆ, ಬಾಯಿ ಕೆಳಗೆ ಸರಿಯುತ್ತದೆ. ಮೇಲಿನ ತುಟಿ ಬೆಳೆಯುವುದನ್ನು ಆಕೆಯೇ ನನಗೆ ಪಾಠ ಹೇಳಿರಲಿಲ್ಲವೇ? ಈಗ ಹೊಳೆ ಗುಟ್ಟು ಬಯಲು ಮಾಡಿದೆ, ಯಾರೂ ನೋಡುವ ಮೊದಲು ಕಿತ್ತು ಬಚ್ಚಿಡುತ್ತಿದ್ದಾಳೆ. ನೀರು ಹಾಯ್ದು ಹೋಗಿ ಆಕೆಯ ಕೈಯಲ್ಲಿದ್ದ ಒಂದು ಗೂಟ ಕಿತ್ತುಕೊಂಡೆ. ಇದೇನು ಎಂದು ಕೇಳಿದೆ.

"ಹಳೇ ಗೂಟ. ಒಲೆಗೆ ಆಗ್ತದೆ ಅಂತ," ಎಂದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಸುಳ್ಳು ಹೇಳಿದಂತೆಯೇ ಇತ್ತು.

ನಾನು ಊರು ಸೇರಿಸಿದೆ. ಗೂಟ ತೋರಿಸಿ, ಹೆಂಚಿನ ಮಾತೂ ಸೇರಿಸಿ, ಅಂಗಡಿಯಲ್ಲಿ ರೈತರಿಗೆ ಗೊಬ್ಬರದ ಗುಣ ವಿವರಿಸುವ ಹಾಗೆ ಎಲ್ಲ ವಿವರಿಸಿದೆ. ದಿಬ್ಬ ನೋಡಲು ಹೋದವರಿಗೆ ಗೂಟದ ಕುಳಿಗಳಷ್ಟೇ ಕಂಡವು, ಅದೂ ನನ್ನ ಮಾತಿಗೇ ಸಾಕ್ಷಿಯಾಯಿತು. ಕೀಳುತ್ತಿದ್ದದ್ದು ನಿಜವೇ ಎಂದು ಶೇಷಮ್ಮನನ್ನು ಕೇಳಿದರು. ನಿಜ ಎಂದಳು. ಯಾಕೆ ಎಂದು ಕೇಳಿದರು. ತಲೆ ತಗ್ಗಿಸಿ ನಿಂತಳು. ಕೆಳಗಿನ ಗದ್ದೆಯವರೂ ಆಕೆಯ ಪರ ನಿಲ್ಲಲಿಲ್ಲ. ನಿಂತರೆ ತಾವೇ ಮಾಡಿಸಿದ್ದು ಎಂದಾಗುತ್ತದಲ್ಲ. ಆ ಸಂಜೆಯೇ ಆಕೆಯ ಕೈಯಿಂದ ಹಗ್ಗ ತೆಗೆದುಕೊಂಡು ಚಿಕ್ಕಬೀರಪ್ಪ ಎನ್ನುವವನಿಗೆ ಕೊಟ್ಟರು. ಅವನೂ ಎತ್ತರದ ಆಳು. ಅಪ್ಪ ಇಡೀ ಹೊತ್ತು ಎಲೆಗೆ ಸುಣ್ಣ ಹಚ್ಚುತ್ತ ಕುಳಿತಿದ್ದರು.

ಗೂಟವನ್ನು ನಾನು ಗೆದ್ದ ಸಾಮಾನಿನ ಹಾಗೆ ಶಿಕಾರಿಪುರಕ್ಕೆ ತಂದು ಅಂಗಡಿಯ ಬಾಗಿಲ ಹತ್ತಿರ ಒರಗಿಸಿದ್ದೆ. ಬಂದವರಿಗೆ ಕಥೆ ಹೇಳುತ್ತಿದ್ದೆ. ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದಾಗ ಅದರ ತಲೆಯ ಮೇಲಿನ ಕಪ್ಪನ್ನು ಚೂರಿಯಿಂದ ಕೆರೆಯುತ್ತ ಕುಳಿತೆ. ಗೇರೆಣ್ಣೆಯ ಪದರು ಏಳುತ್ತಿದ್ದಂತೆ ಕೆಳಗೆ ಹಸಿರುಗಟ್ಟಿದ ತಂತಿ ಬಂತು. ತಂತಿ ಬಿಚ್ಚಿದೆ. ಸೀಳಿನೊಳಗೆ ಹತ್ತು ಪೈಸೆಯ ನಾಣ್ಯ, ಅಂಚು ಅಲೆಅಲೆಯಾಗಿರುತ್ತಿತ್ತಲ್ಲ, ಅದು. ಉಗುರಿನಿಂದ ಉಜ್ಜಿ ಇಸವಿ ಓದಿದೆ. ಸಾವಿರದ ಒಂಬೈನೂರ ಎಪ್ಪತ್ತೆಂಟು.

ಅದು ಬೇಲಿಯ ಗೂಟವಾಗಿರಲಿಲ್ಲ, ಎಪ್ಪತ್ತೆಂಟರ ಬಾಯಿ ಬಿಡಿಸಿದ ದಿನ ಹುಲಿಯಪ್ಪ ಬಡಿದ ಗೂಟ. ನಾನು ಕಿತ್ತುಕೊಂಡ ಜಾಗ ವೀರಗಲ್ಲಿನಿಂದ ನಲವತ್ತೆರಡು ಮಾರಿಗಿಂತ ಕಡಿಮೆ ಇರಲು ಸಾಧ್ಯವೇ ಇರಲಿಲ್ಲ. ಎಪ್ಪತ್ತೆಂಟರಲ್ಲಿ ನಾನು ದಡದ ಮೇಲೆ ನಿಂತಿದ್ದೆ. ಹುಲಿಯಪ್ಪ ಕೂಗಿದ್ದನ್ನು ಈ ಕಿವಿಯಿಂದಲೇ ಕೇಳಿದ್ದೆ. ನಲವತ್ತಕ್ಕೆ ಒಂದು ಗೇಣು ಕಮ್ಮಿ. ಅಂದರೆ ಆ ಸಾಲಿನ ಒಂದೊಂದು ಗೂಟ ಒಂದೊಂದು ವರ್ಷದ್ದು, ಬಾಯಿ ಪ್ರತಿ ವರ್ಷ ಎರಡಡಿ ನಡೆದಿತ್ತು. ನಡೆಯದೆ ನಿಂತಿದ್ದದ್ದು ಹುಲಿಯಪ್ಪನ ಲೆಕ್ಕ ಮಾತ್ರ.

ಮರುದಿನ ಅಂಗಡಿ ತೆರೆಯದೆ ಊರಿಗೆ ಹೋದೆ. ಶೇಷಮ್ಮ ಬಾಗಿಲಲ್ಲಿ ಕುಳಿತು ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ನಾನು ನಾಣ್ಯವನ್ನು ಮೊರದ ಅಂಚಿಗಿಟ್ಟೆ. ಆಕೆ ಅದನ್ನು ನೋಡಿದಳು, ನನ್ನನ್ನು ನೋಡಿದಳು. ಒಳಗೆ ಹೋಗಿ ಸೆರಗಿನ ತುಂಡೊಂದರಲ್ಲಿ ಕಟ್ಟಿದ್ದ ಗಂಟು ತಂದು ಬಿಚ್ಚಿದಳು. ಉಳಿದ ವರ್ಷಗಳೆಲ್ಲ ಅದರಲ್ಲಿದ್ದವು. ಗೂಟಗಳು ನಿಜವಾಗಿಯೂ ಒಲೆಗೆ ಹೋಗಿದ್ದವು.

ತನ್ನನ್ನು ಕಾಪಾಡುತ್ತಿದ್ದ ಸಾಕ್ಷಿಯನ್ನೇ ಆಕೆ ತನ್ನ ಕೈಯಾರೆ ಕಿತ್ತಿದ್ದಳು. ಯಾಕೆ ಹೀಗೆ ಮಾಡಿದೆ, ಒಂದು ಮಾತು ಹೇಳಿದ್ದರೆ ಕೆಲಸ ಉಳಿಯುತ್ತಿರಲಿಲ್ಲವೇ ಎಂದು ಕೇಳಿದೆ. ನನ್ನ ದನಿ ಆಗಲೂ ಗದರಿಸುವಂತೆಯೇ ಇತ್ತು, ಅದು ನನ್ನ ಹಣೆಬರಹ.

"ನನ್ನ ಕೆಲ್ಸ ಉಳೀತಿತ್ತು. ಅವರ ಹೆಸ್ರು ಹೋಗ್ತಿತ್ತು. ಕಾಯಿ ಒಡೆಯೋ ಹೊತ್ತಿಗೆ ಊರೋರು ಅವರ ಹೆಸರು ಬಿಟ್ಟು ಮುಂದಿಂದು ಹೇಳೋದನ್ನ ನಾನು ನಿಂತು ಕೇಳ್ಬೇಕಿತ್ತಾ?" ಎಂದಳು.

ಹುಲಿಯಪ್ಪ ಯಾಕೆ ಸುಳ್ಳು ಹೇಳಿದ ಎಂದು ಕೇಳಿದೆ. ಆಕೆ ಗಂಟನ್ನು ಮತ್ತೆ ಕಟ್ಟಿದಳು. ಆಮೇಲೆ ನೆಲ ತೋರಿಸಿದಳು. ಈ ಮನೆಯ ಜಾಗ, ಎಂದಳು. ಮದುವೆಯಾದ ಹೊಸತರಲ್ಲಿ ಮಳೆಗೆ ನಿಲ್ಲಲು ನೆಲೆಯಿಲ್ಲದಿದ್ದಾಗ ನಮ್ಮ ಅಪ್ಪ ಈ ಮೂಲೆ ಕೊಟ್ಟರಂತೆ. ನೀರು ಮೇಲಿನ ಗದ್ದೆಗೆ ಮೊದಲು ಬಂದರೆ ಜಾಗ ನಿಮ್ಮದೇ ಎಂದರಂತೆ. ಕಾಗದ ಮಾತ್ರ ಅಪ್ಪನ ಹೆಸರಿನಲ್ಲೇ ಉಳಿಯಿತು. ಹೆಂಚು? ಅದನ್ನೂ ಕೇಳಿದೆ. ಕೇಳುವಾಗಲೇ ಉತ್ತರ ಗೊತ್ತಾಗಿತ್ತು.

"ನಿಮ್ಮಪ್ಪಾರೇ ಗಾಡಿಲಿ ಕಳಿಸಿದ್ರು. ಬೇಡ ಅಂದೆ, ಗಾಡಿಯೋನು ಇಳಿಸಿ ಹೋದ. ಸೋರ್ತಿತ್ತು, ಹಾಕಿಸ್ಕಂಡೆ. ನಲವತ್ತು ಅಂತ ಹೇಳಣ ಅಂತ್ಲೇ ಹೋಗಿದ್ದೆ ಸಣ್ಣ ಗೌಡ್ರೆ. ಅವರು ನಿಂತ ಜಾಗದಲ್ಲಿ ನಿಂತು ಬಾಯಿ ತೆಗೆದ್ರೆ ನಂಗೆ ಹೇಳಕ್ಕೇ ಬರ್ಲಿಲ್ಲ."

ಅಲ್ಲಿಂದ ನಮ್ಮ ಮನೆಗೆ ನಲವತ್ತು ಹೆಜ್ಜೆಯೂ ಇಲ್ಲ. ಅಪ್ಪ ಊಟಕ್ಕೆ ಕುಳಿತಿದ್ದರು, ಅವ್ವ ರಾಜೇಶ್ವರಮ್ಮ ಬಡಿಸುತ್ತಿದ್ದಳು. ನಾನು ಕೂರದೆ, ನಿಂತೇ ಎಲ್ಲ ಹೇಳಿದೆ. ಅಪ್ಪ ಸಿಟ್ಟಾಗುತ್ತಾರೆ, ಇಲ್ಲ ಎನ್ನುತ್ತಾರೆ, ಕೊನೆಗೆ ನಾಚಿಕೆಯಾದರೂ ಪಡುತ್ತಾರೆ ಎಂದುಕೊಂಡಿದ್ದೆ. ಅವರು ಬಾಯೊಳಗಿನ ತುತ್ತು ನುಂಗಿ, ನೀರು ಕುಡಿದು, ಒಂದೇ ಮಾತು ಕೇಳಿದರು.

"ಇದನ್ನ ಯಾರ್ಯಾರ ಮುಂದ ಹೇಳೀಯ?"

ಅವ್ವ ಸಾರಿನ ಸೌಟು ಹಿಡಿದುಕೊಂಡೇ ಒಳಗೆ ಹೋದಳು. ಅವಳಿಗೂ ಮೊದಲೇ ಗೊತ್ತಿತ್ತು ಎಂದು ನನಗೆ ಆಗ ಹೊಳೆಯಿತು.

ಬಾಯಿ ಬಿಡಿಸುವ ಸೋಮವಾರ ಬಂತು. ಚಿಕ್ಕಬೀರಪ್ಪ ಅಳೆದು ಮೂವತ್ತೇಳು ಎಂದ. ಪ್ರವಾಹ ಒಡೆದ ಹೊಸ ಬಾಯಿ ನಿಜವಾಗಿಯೂ ಅಷ್ಟರಲ್ಲೇ ಇತ್ತು, ಹಾಗಾಗಿ ನೀರಿಗೆ ಆ ವರ್ಷ ತಕರಾರಿಲ್ಲ. ಕಾಯಿ ಒಡೆಯುವ ಮೊದಲು ನಾನು ಮುಂದೆ ಹೋದೆ. ಗೂಟ ಎತ್ತಿ ಹಿಡಿದು, ನಾಣ್ಯ ತೋರಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹುಲಿಯಪ್ಪನ ಸುಳ್ಳು ಹೇಳಿದೆ, ಅದನ್ನು ಹೇಳಿಸಿದವರು ಯಾರು ಎನ್ನುವುದನ್ನೂ ಹೇಳಿದೆ. ಶೇಷಮ್ಮನದು ಒಂದು ಗೇಣಿನ ತಪ್ಪೂ ಇಲ್ಲ, ಹಗ್ಗ ಆಕೆಗೆ ಕೊಡಿ ಎಂದೆ. ಹೇಳುವಾಗ ನನ್ನ ಬಗ್ಗೆ ನನಗೇ ಸ್ವಲ್ಪ ಮೆಚ್ಚುಗೆಯಾಗಿತ್ತು. ಆಕೆ ಯಾವುದನ್ನು ಮುಚ್ಚಿಡಲು ಕೆಲಸ ಕಳೆದುಕೊಂಡಳೋ ಅದನ್ನೇ ಬಿಚ್ಚಿಡುತ್ತಿದ್ದೇನೆ ಎನ್ನುವುದು ಆ ಮೆಚ್ಚುಗೆಯಲ್ಲಿ ಹೊಳೆಯಲೇ ಇಲ್ಲ.

ಜನ ಅಪ್ಪನ ಕಡೆ ನೋಡಿದರು. ಅಪ್ಪ ಕೂತಲ್ಲಿಂದಲೇ, ನಾಣ್ಯವನ್ನು ಯಾರು ಬೇಕಾದರೂ ಯಾವಾಗ ಬೇಕಾದರೂ ಸಿಕ್ಕಿಸಬಹುದು ಎಂದರು. ಇಷ್ಟು ದಿನ ಗೂಟ ಇದ್ದದ್ದು ಯಾರ ಅಂಗಡಿಯಲ್ಲಿ ಎಂದೂ ಕೇಳಿದರು. ಗುಂಪಿನಲ್ಲಿ ಗುಸುಗುಸು ಶುರುವಾಯಿತು. ಕೆಳಗಿನ ಗದ್ದೆಯವರೆಲ್ಲ ಗೊಬ್ಬರಕ್ಕೆ ಚನ್ನೇಶನ ಅಂಗಡಿಗೇ ಹೋಗುವುದು ಎಂದು ಯಾರೋ ನೆನಪಿಸಿದರು. ನನ್ನ ತರ್ಕವೇ ನನ್ನ ಕಡೆ ತಿರುಗಿತ್ತು. ಆಗ ಎಲ್ಲರೂ ಶೇಷಮ್ಮನತ್ತ ತಿರುಗಿದರು. ಆಕೆ ಹೌದು ಎಂದರೆ ಮುಗಿಯುತ್ತಿತ್ತು. ನಾಣ್ಯದ ಗಂಟು ಆಕೆಯ ಮನೆಯಲ್ಲೇ ಇತ್ತು.

ಕಾಯಿ ಹಿಡಿದು ನಿಂತಿದ್ದ ಚಿಕ್ಕಬೀರಪ್ಪನನ್ನು ಆಕೆ ಒಮ್ಮೆ ನೋಡಿದಳು.

"ನಮ್ಮೋರು ಅಳೆದಿದ್ದು ಸರಿ. ನನ್ನ ಕೈ ಗಿಡ್ಡ, ನಂದೇ ಲೆಕ್ಕ ತಪ್ಪಿತ್ತು," ಎಂದಳು.

ಅಷ್ಟೇ. ಚಿಕ್ಕಬೀರಪ್ಪ ಹೆಸರು ಹೇಳುತ್ತ ಹೋದ. ಹುಲಿಯಪ್ಪನ ಹೆಸರು ಬಂದಾಗ ಶೇಷಮ್ಮ ಕೈ ಮುಗಿದಳು. ಕಾಯಿ ಒಂದೇ ಏಟಿಗೆ ಎರಡು ಹೋಳಾಯಿತು. ಆಮೇಲೆ ಆಕೆ ನನ್ನ ಹತ್ತಿರ ಬಂದು ಗೂಟ ಇಸಿದುಕೊಂಡಳು. ಅದೂ ಒಲೆಗೆ ಹೋಗಿರಬೇಕು. ನನಗೆ ಆಕೆಯ ಮೇಲೆ ವಿಪರೀತ ಸಿಟ್ಟು ಬಂದಿತ್ತು. ಶಿಕಾರಿಪುರದ ಬಸ್ಸಿನಲ್ಲಿ ಕುಳಿತ ಮೇಲೆ, ಸಿಟ್ಟು ಆಕೆಯ ಮೇಲಲ್ಲ ಎಂದು ತಿಳಿಯಿತು.

ಅಪ್ಪ ಆ ಜಾಗದಿಂದ ಆಕೆಯನ್ನು ಎಬ್ಬಿಸಲಿಲ್ಲ. ಆಕೆ ನೆಟ್ಟಿ, ಕಳೆ, ಕೊಯ್ಲು ಎಂದು ಕೂಲಿಗೆ ಹೋದಳು. ಒಂದೊಂದು ಸಲ ನಮ್ಮ ಗದ್ದೆಗೂ ಬಂದಳು. ಬೆಳಗ್ಗೆ ದಿಬ್ಬಕ್ಕೆ ಹೋಗುವುದನ್ನು ಮಾತ್ರ ಬಿಡಲಿಲ್ಲ. ಊರಿನವರು ಹುಚ್ಚು ಎಂದರು. ನಾನು ಹೋದಾಗ ಎದುರು ಸಿಕ್ಕರೆ ಮಳೆ ಬೆಳೆ ವಿಚಾರಿಸುತ್ತಿದ್ದಳು, ಹಳೆಯ ಮಾತು ತೆಗೆಯುತ್ತಿರಲಿಲ್ಲ. ಜಾಗದ ಕಾಗದ ಆಕೆಯ ಹೆಸರಿಗೆ ಮಾಡಿಸಿಕೊಡಿ ಎಂದು ಅಪ್ಪನಿಗೆ ಎರಡು ಸಲ ಹೇಳಿದೆ. ಮೂರನೆಯ ಸಲ ಹೇಳಲಿಲ್ಲ.

ತೊಂಬತ್ತೊಂಬತ್ತರ ದೀಪಾವಳಿಗೆ ಹೋದಾಗ ಚಿಕ್ಕಬೀರಪ್ಪನ ಕೊಟ್ಟಿಗೆಗೆ ಹೊಸ ಹೆಂಚು ಬಿದ್ದಿತ್ತು. ಸೋಮವಾರ ಎಲ್ಲರೂ ವೀರಗಲ್ಲಿನ ಹತ್ತಿರ ಸೇರಿದರು. ಅಪ್ಪನಿಗೆ ಮನೆಯಿಂದ ಕುರ್ಚಿ ತಂದು ಹಾಕಿದ್ದರು. ಆರು ವರ್ಷದಲ್ಲಿ ಹೊಸ ಬಾಯಿ ಕೆಳಗೆ ಸರಿದಿತ್ತು, ನನ್ನ ಬರಿಗಣ್ಣಿಗೇ ಕಾಣುತ್ತಿತ್ತು. ಶೇಷಮ್ಮ ಹೆಂಗಸರ ಗುಂಪಿನಿಂದ ಸ್ವಲ್ಪ ದೂರ ನಿಂತಿದ್ದಳು. ಚಿಕ್ಕಬೀರಪ್ಪ ಹಗ್ಗವನ್ನು ಎದೆಯ ಮೇಲೆ ಎಳೆದು ಬಿಡುತ್ತ ಹೊರಟ. ಅವನ ಒಂದೊಂದು ಮಾರಿಗೂ ಆಕೆಯ ತುಟಿ ಅಲ್ಲಾಡುತ್ತಿತ್ತು. ನಾನು ಮೆಲ್ಲಗೆ ಪಕ್ಕಕ್ಕೆ ಹೋಗಿ ನಿಂತೆ.

ಬಾಯಿಯ ಹತ್ತಿರ ನಿಂತು ಚಿಕ್ಕಬೀರಪ್ಪ ಕೂಗಿದ: "ನಲವತ್ತಕ್ಕೆ ಒಂದು ಗೇಣು ಕಮ್ಮಿ!"

ಕೆಳಗಿನ ಗದ್ದೆಯವರು ನಿಟ್ಟುಸಿರು ಬಿಟ್ಟರು. ಎಷ್ಟಾಯಿತು ಶೇಷಮ್ಮ ಎಂದು ಕೇಳಿದೆ.

"ನಲವತ್ತೊಂದೂವರೆ," ಎಂದಳು. ನನ್ನ ಕಡೆ ತಿರುಗಲಿಲ್ಲ. "ಕೂಗ್ತೀರಾ ಸಣ್ಣ ಗೌಡ್ರೆ?"

ಕುರ್ಚಿಯಿಂದ ಅಪ್ಪ ನನ್ನನ್ನೇ ನೋಡುತ್ತಿದ್ದರು. ನಾನು ಕೂಗಲಿಲ್ಲ. ಆ ವರ್ಷ ಮೊದಲ ನೀರು ನಮ್ಮ ಗದ್ದೆಗೆ ಬಂತು.